ಗೌಳಿಗಳು 1930ರ ಕಾಗದ ಎಲ್ಲಿಂದ ತರಬೇಕು?

ಮಾನ್ಯ ಸಂಪಾದಕರೇ,

ನಮ್ಮ ಮುಂಡಗೋಡದ ಸುದ್ದಿ ಬಂದಾಗಲೆಲ್ಲ ‘ಮಿನಿ ಟಿಬೆಟ್’ ಎಂಬ ಬಿರುದೂ ಜೊತೆಗೇ ಬರುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. 1966ರಲ್ಲಿ ಸರ್ಕಾರ ಸುಮಾರು 4 ಸಾವಿರ ಎಕರೆ ಕಾಡುಭೂಮಿ ಕೊಟ್ಟು ಟಿಬೆಟನ್ನರನ್ನು ಇಲ್ಲಿ ನೆಲೆಗೊಳಿಸಿತು. ಅವರು ಗೋವಿನಜೋಳ, ಭತ್ತ ಬೆಳೆದರು, ಮಠಗಳನ್ನು ಮತ್ತೆ ಕಟ್ಟಿದರು. ಹುಬ್ಬಳ್ಳಿ ಕಡೆಯ ಕನ್ನಡ ಮಾತಾಡುವ ಅವರ ಹುಡುಗರು ನಮ್ಮೂರಿನವರೇ.

ಆದರೆ ಸಂತೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ಒಂದು ತಾಸು ನಿಂತು ನೋಡಿ. ಭಿಕ್ಷುಗಳ ಪಕ್ಕದಲ್ಲೇ ಕೊಂಕಣಿ ಆಡುವ ಸಿದ್ದಿಗಳು, ಲಂಬಾಣಿ ಹೆಂಗಸರು, ಶುಂಠಿ ಬೆಳೆಯಲೆಂದು ಬಂದು ಇಲ್ಲೇ ಉಳಿದ ಮಲಯಾಳಿಗಳು, ಎಮ್ಮೆ ಸಾಕುವ ಗೌಳಿಗಳು ಕಾಣುತ್ತಾರೆ. ಯಾರು ಮೂಲದವರು, ಯಾರು ವಲಸೆ ಬಂದವರು? ನನಗಂತೂ ಗೆರೆ ಎಳೆಯಲು ಬಾರದು. ಸಿದ್ದಿಗಳ ಹಿರಿಯರನ್ನು ಆಫ್ರಿಕದಿಂದ ಗುಲಾಮರಾಗಿ ಗೋವೆಗೆ ತಂದವರು ಪೋರ್ಚುಗೀಸರು. ಆ ಗುಲಾಮರ ಸಂತತಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು, ನ್ಯಾಯವಾಗಿಯೇ. ಅದೇ ಕಾಡಂಚಿನ ದಡ್ಡಿಗಳಲ್ಲಿ, ಅಂದರೆ ತಮ್ಮ ಪುಟ್ಟ ವಸತಿಗಳಲ್ಲಿ, ಬದುಕುವ ಗೌಳಿಗಳ ಅದೇ ಬೇಡಿಕೆ ಮಾತ್ರ ಹಳೆಯದಾಗುತ್ತಲೇ ಇದೆ.

ಈ ವ್ಯತ್ಯಾಸ ಹೊಲದ ಮೇಲೆ ಬಂದು ಬೀಳುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಪಂಗಡದವರ ಸಾಗುವಳಿ 2005ರ ಡಿಸೆಂಬರ್ 13ಕ್ಕೆ ಮೊದಲಿನದಾದರೆ ಸಾಕು. ಪಂಗಡದ ಪಟ್ಟಿಯಲ್ಲಿಲ್ಲದ ಗೌಳಿಗಳು ಅದಕ್ಕೂ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಇಲ್ಲಿ ಇದ್ದುದಕ್ಕೆ ಸಾಕ್ಷ್ಯ ಕೊಡಬೇಕು. ಲೆಕ್ಕ 1930ಕ್ಕೆ ಹೋಗಿ ನಿಲ್ಲುತ್ತದೆ. ಆಗ ಈ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು! ಮೇವು ಇದ್ದ ಕಡೆಗೆ ದಡ್ಡಿ ಕಿತ್ತುಕೊಂಡು ಹೋದವರು ಯಾವ ಕಚೇರಿಯ ಕಾಗದ ಇಟ್ಟುಕೊಂಡಾರು?

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಹಳೆಯ ಬಾವಿ, ಸಮಾಧಿ, ದೇವರ ಕಟ್ಟೆಯೂ ಸಾಕ್ಷ್ಯ ಎಂದು ಕಾಯ್ದೆಯ ನಿಯಮಗಳೇ ಹೇಳುತ್ತವೆ. ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಬೇಕು, ಅಷ್ಟೇ. ಅಜ್ಜಿಯ ಮಾತು, ಅಜ್ಜನ ಸಮಾಧಿ ಸೇರಿದರೆ ಎರಡಾಯಿತಲ್ಲ? ಅರಣ್ಯ ಹಕ್ಕು ಸಮಿತಿಗಳು ಅರ್ಜಿದಾರರನ್ನು ಅಲೆಸುವ ಬದಲು ತಾವೇ ದಡ್ಡಿಗಳಿಗೆ ಹೋಗಿ, ಎಂಬತ್ತು ದಾಟಿದವರ ಹೇಳಿಕೆ ಪಡೆಯಲಿ. ಅಂಥವರು ಈಗ ದಡ್ಡಿಗೆ ಒಬ್ಬಿಬ್ಬರು ಇದ್ದರೆ ಹೆಚ್ಚು.

– ಒಬ್ಬ ಓದುಗ, ಮುಂಡಗೋಡ, ಉತ್ತರ ಕನ್ನಡ