ಸಿನಿಮಾ ಬೈಯುವ ಮುನ್ನ ಟಿವಿ ಸೆಟ್ಟಿಂಗ್ ನೋಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಕೊಡಗಿನಲ್ಲಿ ಮನೆಯಲ್ಲೇ ಸಿನಿಮಾ ನೋಡುವವರು ಹೆಚ್ಚು. ಜತೆಗೇ ‘ಚಿತ್ರ ಸಪ್ಪೆ’, ‘ಮಾತೇ ಕೇಳಿಸಲ್ಲ’ ಎಂಬ ದೂರು. ಎಷ್ಟೋ ಸಲ ದೋಷ ಚಿತ್ರದ್ದಲ್ಲ, ಟಿವಿಯದು.

ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ (2002) ನೋಡಿ. ಮುಳುಗಡೆಯ ನೀರು, ಬಿಡದ ಮಳೆ, ಬೂದು ಬೆಳಕು. ಎಚ್.ಎಂ. ರಾಮಚಂದ್ರ ಅವರಿಗೆ ಛಾಯಾಗ್ರಹಣದ ರಾಷ್ಟ್ರಪ್ರಶಸ್ತಿ ತಂದ ಚಿತ್ರವದು. ಟಿವಿ ‘ವಿವಿಡ್’ ಮೋಡ್‌ನಲ್ಲಿದ್ದರೆ ಆ ಬೂದು ನೀಲಿಗೆ ತಿರುಗುತ್ತದೆ, ಹಸಿರು ಕಣ್ಣಿಗೆ ಚುಚ್ಚುತ್ತದೆ, ಮೋಡದ ಪದರಗಳೆಲ್ಲ ಒಂದೇ ಬಿಳುಪು. ‘ಸಿನಿಮಾ’ ಮೋಡ್‌ಗೆ ಬದಲಿಸಿ. ಮೊದಲಿಗೆ ಹಳದಿ ಎನಿಸಿದರೂ ಸ್ವಲ್ಪ ಹೊತ್ತಿಗೆ ಕಣ್ಣು ಹೊಂದಿಕೊಳ್ಳುತ್ತದೆ. ಮೋಷನ್ ಸ್ಮೂದಿಂಗ್ ಆಫ್ ಮಾಡಲೇಬೇಕು. ಸಿನಿಮಾ ಸೆಕೆಂಡಿಗೆ 24 ಫ್ರೇಮ್. ನಡುನಡುವೆ ಟಿವಿ ತಾನೇ ಫ್ರೇಮ್ ಸೃಷ್ಟಿಸಿ ತುರುಕಿದರೆ ಎಂಥ ಚಿತ್ರವೂ ಧಾರಾವಾಹಿಯಂತೆ ಕಾಣುತ್ತದೆ.

ಇನ್ನು ಮಾತು ಕೇಳಿಸದ ದೂರು. 5.1 ಧ್ವನಿಯಲ್ಲಿ, ಅಂದರೆ ಸುತ್ತಲಿನ ಹಲವು ಸ್ಪೀಕರ್‌ಗಳಿಗೆ ಹಂಚಿದ ಧ್ವನಿಯಲ್ಲಿ, ಮಾತು ಬಹುಪಾಲು ನಡುವಿನ ಚಾನೆಲ್‌ನಲ್ಲಿರುತ್ತದೆ. ಎರಡೇ ಸ್ಪೀಕರಿನ ಟಿವಿಗೆ ಅದು ಇಳಿದಾಗ ಸಂಗೀತ ಮಾತನ್ನು ನುಂಗಿಬಿಡುತ್ತದೆ. ಒಟಿಟಿ ಆ್ಯಪ್‌ನಲ್ಲಿ ಸ್ಟೀರಿಯೊ (ಎರಡು ಸ್ಪೀಕರಿನ ಧ್ವನಿ) ಆಯ್ಕೆ ಇದ್ದರೆ ಅದನ್ನೇ ಆಯ್ದುಕೊಳ್ಳಿ. ಶೀಟ್ ಮಾಡಿನ ಮೇಲೆ ಜಡಿಮಳೆ ಸುರಿಯುವಾಗ ಮಾತ್ರ ಯಾವ ಸೆಟ್ಟಿಂಗೂ ಸಾಲದು. ಮೆಲುದನಿಯ ಚಿತ್ರಗಳನ್ನು ಹೊಳವಾದ ದಿನಕ್ಕೆ ಇಟ್ಟುಕೊಳ್ಳುವುದೇ ಸರಿ.

ಸಿಗ್ನಲ್ ಕುಗ್ಗಿದರೆ ಆ್ಯಪ್ ಗುಣಮಟ್ಟ ತಗ್ಗಿಸುತ್ತದೆ, ಕತ್ತಲ ದೃಶ್ಯಗಳು ಮೊದಲು ಚೌಕ ಚೌಕವಾಗಿ ಒಡೆಯುತ್ತವೆ. ನೆಟ್‌ವರ್ಕ್ ಇರುವಾಗಲೇ ಡೌನ್‌ಲೋಡ್ ಮಾಡಿಡಿ.

ತಮ್ಮ ಸಿನಿಮಾ ಪುಟದ ಒಟಿಟಿ ವಿಮರ್ಶೆಗಳಲ್ಲಿ ಧ್ವನಿಯ ಸ್ಪಷ್ಟತೆ, ಕನ್ನಡ ಸಬ್‌ಟೈಟಲ್ ಲಭ್ಯತೆಯನ್ನೂ ಒಂದು ಸಾಲಿನಲ್ಲಿ ತಿಳಿಸಿದರೆ ಉಪಕಾರವಾದೀತು.

– ಚಿತ್ರಾಸಕ್ತ ಓದುಗರು, ಸೋಮವಾರಪೇಟೆ