ಸೇತುವೆ ಮುಳುಗಿದ್ದು ನಕ್ಷೆಗೂ ತಿಳಿಯಲಿ

ಮಾನ್ಯರೇ,

ಗಂಗಾವತಿಯ ಗಿರಣಿಗಳಿಂದ ಕಂಪ್ಲಿ, ಬಳ್ಳಾರಿ ಕಡೆಗೆ ಅಕ್ಕಿ ಮೂಟೆ ಸಾಗಿಸುವ ಲಾರಿ ಚಾಲಕ ನಾನು. ಗೊತ್ತಿಲ್ಲದ ಊರುಗಳಲ್ಲಿ ಮೊಬೈಲ್ ನಕ್ಷೆ ನನಗೂ ಆಸರೆಯಾಗಿದೆ. ಆದರೆ ಅದು ಎಷ್ಟು ಉಪಯುಕ್ತವೆಂದು ಒರೆಗೆ ಹಚ್ಚಿ ನೋಡುವವರು ಮಳೆಗಾಲದಲ್ಲಿ ತುಂಗಭದ್ರೆಯ ದಂಡೆಗೆ ಬರಬೇಕು.

ಜಲಾಶಯದಿಂದ ಹೊಳೆಗೆ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ. ಕಡೇಬಾಗಿಲು–ಬುಕ್ಕಸಾಗರ ಸೇತುವೆಯ ಮೇಲೆ ಸುತ್ತಿ ಹೋಗಬೇಕೆಂದು ನಮಗೆ ಗೊತ್ತು, ಹೊರಗಿನವರಿಗೆ ಗೊತ್ತಿರುವುದಿಲ್ಲ. ಅಂಥದೊಂದು ರಾತ್ರಿ ತಮಿಳುನಾಡಿನ ಚಾಲಕರೊಬ್ಬರು ತುಂಬಿದ ಲಾರಿಯೊಂದಿಗೆ ಬ್ಯಾರಿಕೇಡ್ ಎದುರು ಬಂದು ನಿಂತರು. ಹಿಂದೆ ಸಾಲುಗಟ್ಟಿದ ವಾಹನಗಳು, ಮುಂದೆ ಕೆಂಪು ನೀರು. ಅವರ ಮೊಬೈಲ್ ಆಗಲೂ ನೇರ ಹೋಗಿ ಎನ್ನುತ್ತಿತ್ತು.

ಎಷ್ಟು ಕ್ಯುಸೆಕ್ ನೀರು ಬಿಡುತ್ತಾರೆಂಬುದು ಗುಟ್ಟಲ್ಲ. ಪತ್ರಿಕೆಯಲ್ಲಿ ಬರುತ್ತದೆ, ನದಿಪಾತ್ರದ ಹಳ್ಳಿಗಳಲ್ಲಿ ಡಂಗುರ ಸಾರುತ್ತಾರೆ. ನಕ್ಷೆಗೆ ಮಾತ್ರ ಹೇಳುವವರಿಲ್ಲ. ರಸ್ತೆ ಬಂದ್ ಆಗಿದೆಯೆಂದು ತಿಳಿಸುವ ಸೌಲಭ್ಯ ಗೂಗಲ್ ಮ್ಯಾಪ್ಸ್‌ನಲ್ಲಿದೆ; ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಇನ್ನೊಂದು ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ಆದರೆ ಮಳೆಯಲ್ಲಿ ಸಿಕ್ಕಿಬಿದ್ದ ಚಾಲಕ ಈ ಕೆಲಸ ಮಾಡಲಿ ಎನ್ನುವುದು ನ್ಯಾಯವಲ್ಲ. ಸೇತುವೆ ಮುಚ್ಚಿಸುವವರೇ ಆ ಗಳಿಗೆಯಲ್ಲಿ ಗುರುತು ಹಾಕಿಸಬೇಕು, ನೀರು ಇಳಿದ ಕೂಡಲೇ ತೆಗೆಸಲೂ ಬೇಕು. ಇಲ್ಲದಿದ್ದರೆ ತೆರೆದ ಸೇತುವೆಯನ್ನು ಬಿಟ್ಟು ಜನ ಡೀಸೆಲ್ ಸುಡುತ್ತ ಸುತ್ತುತ್ತಾರೆ.

ನಕ್ಷೆಗೆ ಕಾರು, ಬೈಕ್ ಗೊತ್ತು. ಹೇರು ತುಂಬಿದ ಲಾರಿ ಗೊತ್ತಿಲ್ಲ. ಕ್ಯಾಂಪುಗಳೆಂದು ಕರೆಯುವ ನಮ್ಮ ಕಡೆಯ ಸಣ್ಣ ಊರುಗಳ ನಡುವೆ ಹತ್ತಿರದ ದಾರಿಯೆಂದು ಕಾಲುವೆಯ ಏರಿಯನ್ನು ತೋರಿಸುತ್ತದೆ. ಒಂದು ಬದಿ ನೀರು, ಇನ್ನೊಂದು ಬದಿ ಭತ್ತದ ಗದ್ದೆ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಲಾರಿ ತಿರುಗಿಸುವುದು ಆಗದ ಮಾತು. ಹತ್ತು ನಿಮಿಷ ಉಳಿಸಲು ಹೋಗಿ ಏರಿ ಕುಸಿದರೆ ಹೋಗುವುದು ಅಕ್ಕಿಯಷ್ಟೇ ಅಲ್ಲ. ದಾರಿಯ ಅಗಲವನ್ನೂ ಅದು ತಾಳುವ ಭಾರವನ್ನೂ ಹೇಳದ ನಕ್ಷೆಯನ್ನು ನಮ್ಮಂಥವರು ನಂಬಿ ನಡೆಯುವುದು ಹೇಗೆ?

ಕಂಪ್ಲಿ–ಗಂಗಾವತಿ ಸೇತುವೆಯ ಒಂದು ತುದಿ ಕೊಪ್ಪಳ ಜಿಲ್ಲೆಗೆ, ಇನ್ನೊಂದು ಬಳ್ಳಾರಿ ಜಿಲ್ಲೆಗೆ ಸೇರಿದೆ. ಅವರು ಮಾಡಲಿ ಎಂದು ಇವರು, ಇವರು ಮಾಡಲಿ ಎಂದು ಅವರು ಕಾಯುವಂತಾಗಬಾರದು. ಮಳೆಗಾಲಕ್ಕೆ ಮೊದಲೇ ಎರಡೂ ಜಿಲ್ಲಾಡಳಿತಗಳು ಕೂಡಿ ಒಬ್ಬ ಸಿಬ್ಬಂದಿಗೆ ಈ ಹೊಣೆ ವಹಿಸಲಿ. ಜೊತೆಗೆ, ಸೇತುವೆ ಬಂದ್ ಇರುವ ದಿನಗಳಲ್ಲಿ ಗಂಗಾವತಿ ಊರು ದಾಟುವ ಮೊದಲೇ ಕಾಣುವಂತೆ ಕನ್ನಡ, ತೆಲುಗು, ಹಿಂದಿಯಲ್ಲಿ ಫಲಕ ನಿಲ್ಲಿಸಲಿ. ಕಂಪ್ಲಿಯ ಬದಿಯಲ್ಲೂ ಅಂಥದೇ ಒಂದು ಇರಲಿ.

– ಲಾರಿ ಚಾಲಕ, ಗಂಗಾವತಿ