ಆ ಒಂದೆರಡು ಕಡೆ ಯಾವುದು, ಮಗಳೇ?

ಪ್ರೀತಿಯ ಪುಟ್ಟಿ,

ರೈಲು ಎರ್ನಾಕುಲಂ ಮುಟ್ಟಿತು ಅಂತ ನಿನ್ನ ಮೆಸೇಜ್ ಬಂತು. ಒಂದೇ ಸಾಲು. ಸಿಟ್ಟು ಇಳಿದಿಲ್ಲ ಅಂತ ಅದರಲ್ಲೇ ಗೊತ್ತಾಯಿತು. ಅಂಗಳದಲ್ಲಿ ನಡೆದದ್ದನ್ನು ಮತ್ತೆ ಬರೆಯುವುದಿಲ್ಲ. ಒಣಗಲು ಹಾಕಿದ್ದ ಅಡಿಕೆ ಮಳೆಗೆ ಒದ್ದೆಯಾಯಿತು, ಮುನ್ಸೂಚನೆಯ ಮಾತಿಗೆ ಅಜ್ಜ ಕೂಗಿದರು, ನೀನು ತಿಂಡಿ ಬಿಟ್ಟು ಹೊರಟೆ. ಅಷ್ಟು ಸಾಕು.

ಆದರೆ ಹೋಗುವಾಗ ಒಂದು ಮಾತು ಹೇಳಿದೆಯಲ್ಲ, "ನೀವೆಲ್ಲ ಮುನ್ಸೂಚನೆಯ ಒಂದೊಂದು ಪದ ಹಿಡ್ಕೊಂಡು ಜಗ್ಗಾಡ್ತೀರಿ, ಅದನ್ನು ಓದುವ ರೀತಿ ಹಾಗಲ್ಲ" ಅಂತ. ಆ ಮಾತು ನನ್ನನ್ನು ಬಿಡ್ತಾ ಇಲ್ಲ.

ನೀನು ಮರೆತುಹೋದ ನೋಟ್‌ಬುಕ್ ಅಜ್ಜನ ಕೈಗೆ ಸಿಕ್ಕಿದೆ. ಅದರಲ್ಲಿ ಹವಾಮಾನ ಇಲಾಖೆಯ ಲೆಕ್ಕ ಬರೆದಿದ್ದೀಯ. 24 ಗಂಟೆಯಲ್ಲಿ 2.5ರಿಂದ 15.5 ಮಿ.ಮೀ. ಬಿದ್ದರೆ ಹಗುರ ಮಳೆ. 64.4ರವರೆಗೆ ಸಾಧಾರಣ. 64.5 ಮುಟ್ಟಿದರೆ ಭಾರಿ. ಅಜ್ಜ ಪೆನ್ಸಿಲ್ ಹಿಡಿದು ಕೂತರು. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್ ನೀರು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಅಂಗಳಕ್ಕೆ 15 ಮಿ.ಮೀ. ಬಿದ್ದರೆ 1,500 ಲೀಟರ್. "ಒಂದೂವರೆ ಟನ್ ತೂಕ ಆಯಿತು. ಇದು ಹಗುರವಾ?" ಅಂತ ಊಟಕ್ಕೆ ಕೂತಾಗ ಕೇಳಿದರು. ನಿನ್ನ ಅಪ್ಪನಿಗೆ ನಗು ಬಂದು ಅನ್ನ ನೆತ್ತಿಗೆ ಹತ್ತಿತು. ಅಜ್ಜ ನಗಲಿಲ್ಲ. ಅವರು ನಿಜವಾಗಿಯೂ ಉತ್ತರ ಬೇಕು ಅಂತಲೇ ಕೇಳಿದ್ದು.

ನೀನೂ ಹೀಗೆಯೇ ಕೇಳುತ್ತಿದ್ದೆ ಪುಟ್ಟಿ. ಆಗಿನ್ನೂ ನೀನು ಶಾಲೆಗೆ ಹೊಸಬಳು. ರೇಡಿಯೋದಲ್ಲಿ "ಕರಾವಳಿಯ ಒಂದೆರಡು ಕಡೆ ಮಳೆಯಾಗುವ ಸಾಧ್ಯತೆ ಇದೆ" ಅಂದರು. "ಒಂದು ಕಡೆಯಾ, ಎರಡು ಕಡೆಯಾ?" ಅಂತ ನೀನು ಗಂಟುಬಿದ್ದೆ. ಅಷ್ಟರಲ್ಲಿ ಅಂಗಳಕ್ಕೆ ಹನಿ ಬಿತ್ತು. "ಒಂದು ಸಿಕ್ಕಿತು!" ಅಂತ ಕುಣಿದೆ. ಎರಡನೆಯದನ್ನು ಹುಡುಕಲು ಕೊಡೆ ಹಿಡಿದು ಅಜ್ಜನನ್ನು ಎಳೆದುಕೊಂಡು ಹೋದೆ. ಬಾವಿಯ ಹತ್ತಿರವೂ ಮಳೆ. ಎರಡಾಯಿತು. ಸಂಕ ದಾಟಿ ತೋಟದ ಆಚೆ ಬದಿಗೆ ಹೋದರೆ ಅಲ್ಲೂ ಮಳೆ. ಆಗ ನೀನು ನಿಂತುಬಿಟ್ಟೆಯಂತೆ. "ಅಜ್ಜ, ರೇಡಿಯೋದವರು ಎರಡೇ ಹೇಳಿದ್ದು. ಇದು ಮೂರನೆಯದು" ಅಂತ ಅಳುಮುಖ ಮಾಡಿದೆಯಂತೆ. ನಾನು ಜಗಲಿಯಲ್ಲಿ ಬೈರಾಸು ಹಿಡಿದು ಕಾಯುತ್ತಿದ್ದೆ. ನೀನು ಬಂದವಳು ತಲೆ ಒರೆಸಲೂ ಬಿಡಲಿಲ್ಲ. ರೇಡಿಯೋದವರಿಗೆ ಈಗಲೇ ಹೇಳಬೇಕು ಅಂದೆ. ಅವರಿಗೆ ಗೊತ್ತಿಲ್ಲದೆ ಇನ್ನೊಂದು ಕಡೆ ಮಳೆ ಬಂದಿದೆ, ಪಾಪ, ಬೈಸಿಕೊಳ್ತಾರೆ ಅಂದೆ.

ಅವರು ಬೈಸಿಕೊಳ್ತಾರೆ ಅಂತ ಮರುಗಿದ ಆ ಮಗುವನ್ನೇ ನಾನು ಇಷ್ಟು ದಿನ ಯೋಚಿಸುತ್ತಾ ಇದ್ದೇನೆ. ಆಮೇಲೊಮ್ಮೆ ಯಾರದೋ ಫೋನಿನಲ್ಲಿ "ಶೇಕಡಾ 60 ಮಳೆ" ಅಂತ ನೋಡಿ, ನೂರು ಮರದಲ್ಲಿ ಅರವತ್ತು ಮರ ನೆನೆದಿದೆಯಾ ಅಂತ ತೋಟದಲ್ಲಿ ಎಣಿಸುತ್ತಾ ಹೋದವಳೂ ನೀನೇ. ಅಂಥ ಹತ್ತು ದಿನಗಳಲ್ಲಿ ಆರು ದಿನ ಮಳೆ ಬರಬಹುದು ಅಂತ ಅದರ ಅರ್ಥವನ್ನು ಈ ರಜೆಯಲ್ಲಿ ನನಗೆ ಬಿಡಿಸಿ ಹೇಳಿದವಳೂ ನೀನೇ. ನೀನು ವಾತಾವರಣ ವಿಜ್ಞಾನ ಓದಲು ಕೊಚ್ಚಿಗೆ ಹೋಗ್ತೇನೆ ಅಂದಾಗ ಊರಿನವರು ಅದೆಂಥ ಓದು ಅಂದರು. ನನಗೆ ಆಶ್ಚರ್ಯವೇ ಆಗಲಿಲ್ಲ. ಆ ಮೂರನೆಯ ಜಾಗ ಸಿಕ್ಕಿದ ದಿನವೇ ನೀನು ಹೊರಟಾಗಿತ್ತು. ಅದರಲ್ಲಿ ನನಗೆಷ್ಟು ಹೆಮ್ಮೆ ಅಂತ ಎದುರು ನಿಂತು ಹೇಳಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ನೋಟ್‌ಬುಕ್ ನಾನೂ ಓದಿದೆ. ಮಳೆ ಅಳೆಯುವ ನೂರು ಕೇಂದ್ರಗಳಿದ್ದರೆ ಅದರಲ್ಲಿ 25 ಕಡೆಯವರೆಗೆ ಮಳೆ ಬಿದ್ದರೂ "ಒಂದೆರಡು ಕಡೆ" ಅಂತಲೇ ಹೇಳ್ತಾರಂತೆ. 26ರಿಂದ 50 ಆದರೆ ಕೆಲವು ಕಡೆ, 75ರವರೆಗೆ ಹಲವು ಕಡೆ, ಅದರ ಮೇಲೆ ಬಹುತೇಕ ಕಡೆ. "ಸಾಧ್ಯತೆ ಇದೆ" ಅಂದರೆ ನೂರಕ್ಕೆ 25ರಿಂದ 50. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಹಾಗಾದರೆ ಮಳೆ ಬರುವುದಕ್ಕಿಂತ ಬಾರದಿರುವುದಕ್ಕೇ ಜಾಸ್ತಿ ಅವಕಾಶ ಅಂತಾಯಿತು, ಅಲ್ವಾ? ನಾವು ಆ ಮಾತು ಕೇಳಿದಾಗೆಲ್ಲ ಅಡಿಕೆ ರಾಶಿ ಮಾಡಿ ಟಾರ್ಪಾಲು ಹೊದೆಸುತ್ತಿದ್ದೆವು. ನಾಲ್ಕು ಸಲ ಹೊದೆಸಿ ಮಳೆ ಬಾರದಿದ್ದರೆ ಐದನೆಯ ಸಲ ಯಾರಿಗೂ ಮನಸ್ಸು ಬರುವುದಿಲ್ಲ. ಒದ್ದೆಯಾಗುವುದು ಆವತ್ತೇ. ಬೂಸ್ಟು ಹಿಡಿದ ಚಾಲಿ ಅಡಿಕೆಗೆ ಪೇಟೆಯಲ್ಲಿ ಎಷ್ಟು ಕೊಡ್ತಾರೆ ಅಂತ ನಿನಗೆ ಗೊತ್ತು.

ಅಜ್ಜ ಕೂಗಿದ್ದು ತಪ್ಪು. ಅವರ ಪರವಾಗಿ ನಾನು ಕ್ಷಮೆ ಕೇಳ್ತೇನೆ. ಆದರೆ ಪದ ಹಿಡಿದು ಜಗ್ಗಾಡುವವರನ್ನು ದಡ್ಡರು ಅಂದುಕೊಳ್ಳಬೇಡ ಪುಟ್ಟಿ. ನಂಬಿದವನೇ ಹಾಗೆ ಕೇಳುವುದು. ನಂಬದವನು ರೇಡಿಯೋ ಆರಿಸಿ ಮಲಗ್ತಾನೆ. ನಾಳೆ ನೀನೇ ಆ ಮುನ್ಸೂಚನೆ ಬರೆಯುವ ಜಾಗದಲ್ಲಿ ಕೂತರೆ, ಹಗುರ ಅಂತ ಬರೆದ ಪಕ್ಕದಲ್ಲಿ ಎಷ್ಟು ಮಿ.ಮೀ. ಅಂತಲೂ ಬರಿ. ಸಾಧ್ಯತೆ ಅಂದರೆ ಹತ್ತರಲ್ಲಿ ಎಷ್ಟು ಅಂತ ಹೇಳು. ತೋಟದವರಿಗೆ ಲೆಕ್ಕ ಅರ್ಥವಾಗುವುದಿಲ್ಲ ಅಂತ ಯಾರಾದರೂ ಹೇಳಿದರೆ ಒಪ್ಪಬೇಡ. ಒಂದು ಕಿಲೋ ಮೈಲುತುತ್ತಕ್ಕೆ ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಅಂತ ಅಳೆದು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಕಲಸುವವರು ನಾವು. ದೊಡ್ಡ ಓದು ಓದಿದವರಿಗೆ ತಾಳ್ಮೆಯೂ ಜಾಸ್ತಿ ಇರಬೇಕು. ಊಟ ಬಿಟ್ಟು ಎದ್ದು ಹೋಗಬಾರದು, ಮನೆಯಲ್ಲೂ, ಅಲ್ಲೂ. ಅಲ್ಲಿ ಮಳೆಗೆ ನೆನೆದು ಒದ್ದೆ ಬಟ್ಟೆಯಲ್ಲೇ ಕ್ಲಾಸಿಗೆ ಹೋಗ್ತೀಯೋ ಏನೋ. ಹೋದ ವರ್ಷದ ಕೆಮ್ಮು ಎಷ್ಟು ಎಳೆಯಿತು ನೋಡು.

ಇನ್ನೊಂದು ವಿಷಯ. ಕೇರಳಕ್ಕೆ ಮುಂಗಾರು ಬಂತು ಅಂತ ಹೇಳಲು ನೋಡುವ 14 ಕೇಂದ್ರಗಳಲ್ಲಿ ನಮ್ಮ ಮಂಗಳೂರೂ ಇದೆ ಅಂತ ಬರೆದಿದ್ದೀಯಲ್ಲ. ಮೇ 10ರ ನಂತರ ಶೇಕಡಾ 60 ಕೇಂದ್ರಗಳಲ್ಲಿ ಎರಡು ದಿನ ಸತತ ಕನಿಷ್ಠ 2.5 ಮಿ.ಮೀ. ಬರಬೇಕು, ಗಾಳಿ ಮೋಡದ ಲೆಕ್ಕ ಬೇರೆ. ಕೊಚ್ಚಿಯೂ ಪಟ್ಟಿಯಲ್ಲಿದೆ. ನೀನಿರುವ ಊರು, ನಮ್ಮ ಹತ್ತಿರದ ಊರು ಎರಡೂ ಒಂದೇ ಪಟ್ಟಿಯಲ್ಲಿ ಅಂತ ಅಜ್ಜನಿಗೆ ಭಾರಿ ಖುಷಿ. ಕೇರಳದ ಮಳೆಗೆ ಮಂಗಳೂರಿನ ಒಪ್ಪಿಗೆ ಯಾಕೆ ಅಂತಲೂ ಕೇಳಿದ್ದಾರೆ.

ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ಇಲಾಖೆಯವರ ಮಳೆ ದಿನ ಬೆಳಿಗ್ಗೆ 8.30ಕ್ಕೆ ಶುರುವಾಗಿ ಮರುದಿನ 8.30ಕ್ಕೆ ಮುಗಿಯುತ್ತದೆ. ರಾತ್ರಿಯಿಂದ 8.30ರವರೆಗೆ 40 ಮಿ.ಮೀ., ಆಮೇಲೆ ಮಧ್ಯಾಹ್ನದವರೆಗೆ 40 ಮಿ.ಮೀ. ಬಿದ್ದು ನಿಂತರೆ, ಎರಡು ದಿನವೂ ಸಾಧಾರಣ ಮಳೆಯಾ? ತೋಡು ಉಕ್ಕಿ ತೋಟಕ್ಕೆ ನುಗ್ಗಿದರೂ ಭಾರಿ ಮಳೆ ಆಗಲೇ ಇಲ್ಲವಾ? ಉತ್ತರ ನನಗೆ ಗೊತ್ತಾಗಲಿಲ್ಲ, ನೀನೇ ಹೇಳಬೇಕು. ಅಜ್ಜನಿಗೆ ಫೋನ್ ಮಾಡು. ಎಂಟೂವರೆಗೆ ಮಾತ್ರ ಬೇಡ, ಆಗ ಅವರು ಮಳೆಮಾಪಕದ ಹತ್ತಿರ ಇರ್ತಾರೆ.

ನಿನ್ನ
ಅಮ್ಮ